ಎಡಕ್ಕೆ ತಿರುಗುವ ಹಿಡಿ

ತಮ್ಮ, ಅಣ್ಣನ ಯಂತ್ರದ ಹಿಡಿಯನ್ನು ಬಲಕ್ಕೆ ತಿರುಗಿಸಿದ. ಮರ ಸೀಳುವ ಆ ಬ್ಯಾಂಡ್‌ಸಾದ ಬ್ಲೇಡು ಬಿಗಿಯಾಗುವ ಬದಲು ಸಡಿಲಗೊಂಡು, ಮೇಲಿನ ಚಕ್ರದಿಂದ ಜಾರಿ, ಉದ್ದನೆಯ ಲಾಡಿಯಂತೆ ಮೇಜಿನ ಮೇಲೆ ಬಿತ್ತು.

"ಲೋಕವೆಲ್ಲ ಬಲಕ್ಕೆ ತಿರುಗಿಸಿ ಬಿಗಿ ಮಾಡಿದ್ರೆ ಇವನದೊಂದು ಎಡಕ್ಕೆ. ಆಸ್ಪತ್ರೆಯಿಂದ ಬರ್ಲಿ, ಅವನ ಕಣ್ಣೆದುರೇ ಇದನ್ನ ಕಿತ್ತು ಎಸೀತೀನಿ" ಎಂದು ಖಾಲಿ ವರ್ಕ್‌ಶಾಪಿಗೆ ಹೇಳಿದ.

ಅಣ್ಣ ಆಸ್ಪತ್ರೆ ಸೇರಿದ್ದ. ಅರ್ಧಕ್ಕೆ ನಿಂತ ಕೆಲಸಗಳನ್ನು ಮುಗಿಸಿಕೊಡಲು ತಮ್ಮ ತನ್ನ ಊರಿನ ಮರಗೆಲಸ ಬಿಟ್ಟು ಹಿಂದಿನ ದಿನವಷ್ಟೇ ಬಂದಿದ್ದ. ಬ್ಲೇಡನ್ನು ಮತ್ತೆ ಚಕ್ರಕ್ಕೆ ಏರಿಸುತ್ತಿರುವಾಗ ಅತ್ತಿಗೆಯ ಫೋನು ಬಂತು.

"ಕೆಲಸ ನಡೀತಿದೆಯಾ?"

"ಎಲ್ಲಿ ನಡೆಯೋದು ಅತ್ತಿಗೆ, ಇವನ ಈ ಯಂತ್ರ..."

"ನಿಲ್ಸು" ಎಂದಳು ಆಕೆ. "ಹೋಗ್ಬಿಟ್ರು."

ಅವನು ಬ್ಲೇಡನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತ. ಬೈದದ್ದು ಇನ್ನೂ ಬಾಯಲ್ಲೇ ಇತ್ತು.

*

ಮರುದಿನ ಬೆಳಿಗ್ಗೆ ಅಣ್ಣನನ್ನು ವರ್ಕ್‌ಶಾಪಿಗೆ ಅಂಟಿದ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಸಂಜೆಯೊಳಗೆ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಬೇಕಿತ್ತು.

"ಪೆಟ್ಟಿಗೆ ಅಂಗಡೀಲಿ ಸಿದ್ಧವಾಗೇ ಸಿಗುತ್ತಲ್ಲ" ಎಂದರು ಎದುರು ಮನೆಯ ಮೇಷ್ಟರು.

"ಅಂಗಡಿ ಪೆಟ್ಟಿಗೆಯಲ್ಲಿ ಮಲಗಿಸಿದ್ರೆ ಮೂಲೆಮೂಲೆ ತಡವಿ, ಯಾವನಯ್ಯಾ ಇದನ್ನ ಮಾಡಿದ್ದು ಅಂತ ಎದ್ದು ಕೂತ್ಕೋತಾರೆ" ಎಂದಳು ಅತ್ತಿಗೆ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಅವರು ಎತ್ತಿಟ್ಟಿದ್ದ ತೇಗದ ಹಲಗೆ ಇದೆ. ಇಲ್ಲೇ ಆಗ್ಲಿ. ಇದೊಂದು ಬಿಟ್ಟು ಬೇರೇನೂ ಕೇಳಲ್ಲ ನಾನು."

ಆ ಹಲಗೆಯನ್ನು ಅಣ್ಣ 'ಒಳ್ಳೇ ಕೆಲಸಕ್ಕೆ' ಎಂದು ಯಾರಿಗೂ ಕೊಡದೆ ಗೋಡೆಗೆ ಒರಗಿಸಿಟ್ಟಿದ್ದ. ನಾಲ್ಕು ಬೆರಳು ದಪ್ಪ. ಅದನ್ನು ಸೀಳಿ ತೆಳ್ಳಗೆ ಮಾಡಲು ಆ ಒಂದು ಯಂತ್ರವೇ ಗತಿ.

ತಮ್ಮ ಈ ಸಲ ನೆನಪಿಟ್ಟುಕೊಂಡು ಎಡಕ್ಕೇ ತಿರುಗಿಸಿದ. ಬ್ಲೇಡು ಬಿಗಿಯಾಗುತ್ತ ಬಂತು. ಇನ್ನೇನು ಆಯಿತು ಎನ್ನುವಾಗ ಒಳಗೆಲ್ಲೋ ಕಟಕಟ ಎಂದು ಹಲ್ಲು ಜಾರಿ ಮತ್ತೆ ಸಡಿಲವಾಯಿತು. ಮತ್ತೆ ತಿರುಗಿಸಿದ. ಮತ್ತೆ ಕಟಕಟ.

ಪಕ್ಕದ ಶೆಡ್ಡಿನ ಲೇತಿನವನು ನೆಲದ ಮೇಲೆ ಮಲಗಿ ಯಂತ್ರದ ಕೆಳಗೆ ಟಾರ್ಚು ಬಿಟ್ಟ. ಅವನು ಅಣ್ಣನ ಹಳೆಯ ಸ್ನೇಹಿತ. "ಹಳೇ ಡ್ರಿಲ್ಲಿನ ಹಲ್ಲುಚಕ್ರ ಹಾಕ್ಬೇಡ, ನಾನೇ ಹೊಸದು ಕಡೆದುಕೊಡ್ತೀನಿ ಅಂತ ಬಡ್ಕೊಂಡೆ. ನಿನ್ನ ಲೇತು ನೀನು ನೋಡ್ಕೋ ಅಂದ."

"ಈಗ ಯಾರಿಗೆ ಬೈಯೋದು?" ಎಂದ ತಮ್ಮ.

"ಒಳಗೆ ಹೋಗಿ ಅವನಿಗೇ ಬೈಯಿ. ಇವತ್ತೊಂದಿನ ಎದುರು ಮಾತಾಡಲ್ಲ."

ಹೇಳಿದವನೇ ಟಾರ್ಚು ಆರಿಸಿ, ಮುಖ ಆ ಕಡೆ ತಿರುಗಿಸಿಕೊಂಡು ಮಲಗಿಯೇ ಇದ್ದ.

"ಈ ಹಿಡಿ ಮಾಡೋದ್ರಲ್ಲಿ ನಮ್ಮ ಕಿಟಕಿ ಕೆಲಸ ಅರ್ಧಕ್ಕೆ ನಿಂತು, ಒಂದಿಡೀ ಚಳಿಗಾಲ ರಟ್ಟು ಕಟ್ಕೊಂಡಿದ್ವಿ" ಎಂದು ಮೇಷ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು.

*

ಮೊದಲು ಆ ಯಂತ್ರದ ಬ್ಲೇಡು ಬಿಗಿಯುವ ತಿರುಪು ಮೇಲಿನ ಚಕ್ರದ ಅಡಿಯಲ್ಲಿ, ಕೈ ಹೋಗದ ಇಕ್ಕಟ್ಟಿನಲ್ಲಿತ್ತು. ಕೆಲಸ ಮುಗಿದ ಮೇಲೆ ಬ್ಲೇಡು ಸಡಿಲಿಸದಿದ್ದರೆ ಬೇಗ ಹಾಳಾಗುತ್ತದೆ. 'ಬ್ಲೇಡಿಗೂ ವಿಶ್ರಾಂತಿ ಬೇಕು' ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದ ಅಣ್ಣ ತಾನು ಮಾತ್ರ ದಿನವೂ ಮರೆತು ಬಂದು ಊಟಕ್ಕೆ ಕೂರುತ್ತಿದ್ದ. ಹಾಗಾಗಿ ಅತ್ತಿಗೆಯೇ ಹೋಗಿ, ಸ್ಟೂಲು ಹತ್ತಿ, ಕೈ ತೂರಿಸಿ ತಿರುಗಿಸಬೇಕಿತ್ತು. ಒಂದು ದಿನ ಗೆಣ್ಣು ಕಿತ್ತು ರಕ್ತ ಸುರಿಸಿಕೊಂಡು ಬಂದಳು.

"ಈ ಹಾಳು ತಿರುಪು ಕೆಳಗಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಬೆಳಗಾದ ಮೇಲೆ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕುಳಿತ. ಗಿರಾಕಿಗಳು ಬಂದು ಬೈದು ಹೋದರು. ಕೊನೆಗೊಂದು ದಿನ ಅವಳನ್ನು ಕರೆದ. ಉದ್ದನೆಯ ಸರಳೊಂದು ಮೇಲಿಂದ ಇಳಿದು ಬಂದಿತ್ತು. ಅದರ ತುದಿಗೆ, ಕುಳಿತವರ ಕೈಗೆ ಸಿಗುವಂತೆ ಹಿಡಿ. ಹೆಮ್ಮೆಯಿಂದ ಬಲಕ್ಕೆ ತಿರುಗಿಸಿದ. ಬ್ಲೇಡು ಸಡಿಲವಾಯಿತು.

ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ.

"ಉಲ್ಟಾ ಆಗಿದೆ" ಎಂದಳು ಅವಳು.

"ಉಲ್ಟಾ ಅಲ್ಲ. ಕೂತು ತಿರುಗಿಸೋರಿಗೆ ಹೀಗೇ ಸರಿ."

ಸಾಯುವವರೆಗೂ ಅದೇ ಮಾತು.

*

ಕಟಕಟ ಸದ್ದು ಮುಂದಿನ ಕೋಣೆಗೂ ಕೇಳುತ್ತಿತ್ತು. ಗಂಡನ ತಲೆಯ ಬಳಿ ಕುಳಿತಿದ್ದವಳು ಎದ್ದು ಬಂದಳು.

"ಮೊಣಕಾಲು ಕೊಡ್ಬೇಕು ಅದಕ್ಕೆ."

"ಏನು?" ಎಂದ ತಮ್ಮ.

"ಸರಳಿಗೆ ಮೊಣಕಾಲು ಒತ್ತಿ ಹಿಡ್ಕೋಬೇಕು. ಇಲ್ದಿದ್ರೆ ಹಲ್ಲು ಹಾರುತ್ತೆ."

"ಇದನ್ನ ಯಾರಿಗಾದ್ರೂ ಹೇಳಿದ್ದಾನಾ ಅವನು?"

"ಹೇಳಿದ್ರೆ ತಪ್ಪು ಒಪ್ಕೊಂಡ ಹಾಗಾಗಲ್ವೇನೋ? ಸರಿ ಆ ಕಡೆ."

ಕುಳಿತು, ಮೊಣಕಾಲು ಒತ್ತಿ, ಹಿಡಿಯನ್ನು ನೋಡದೆಯೇ ಎಡಕ್ಕೆ ತಿರುಗಿಸಿದಳು. ಬೆರಳಿನಿಂದ ಬ್ಲೇಡನ್ನು ಮೀಟಿದಳು. ಮಂದವಾದ ಸದ್ದು. ಇನ್ನೊಂದು ಚೂರು ತಿರುಗಿಸಿ ಮತ್ತೆ ಮೀಟಿದಳು. ತೆಳ್ಳನೆಯ ನಾದವೊಂದು ಎದ್ದು ನಿಂತಿತು.

"ಹಾಂ. ಕೊಯ್ಯಿ" ಎಂದು ಎದ್ದು ಹೋಗಿ ಮತ್ತೆ ಗಂಡನ ಪಕ್ಕ ಕುಳಿತಳು.

ತೇಗ ಬೆಣ್ಣೆಯಂತೆ ಸೀಳಿತು. ಲೇತಿನವನು ಹಲಗೆಯ ತುದಿ ಹಿಡಿದ. ಮೇಷ್ಟರು ಬೇಡವೆಂದರೂ ಕೇಳದೆ ಅಂಗಿಯ ತೋಳು ಮಡಿಸಿಕೊಂಡು ಮರದ ಹೊಟ್ಟು ಗುಡಿಸಿದರು. ಬಿಸಿಲು ಇಳಿಯುವ ಮೊದಲೇ ಪೆಟ್ಟಿಗೆ ಮುಗಿಯಿತು. ಹೊರುವ ಮುನ್ನ ಅತ್ತಿಗೆ ಅದರ ನಾಲ್ಕು ಮೂಲೆಗಳನ್ನೂ ತಡವಿ, ತಮ್ಮನ ಕಡೆ ನೋಡಿ ತಲೆಯಾಡಿಸಿದಳು.

*

ಮಣ್ಣು ಮಾಡಿ ಬಂದಾಗ ಕತ್ತಲಾಗುತ್ತಿತ್ತು. ಅತ್ತಿಗೆ ಕೈಕಾಲು ತೊಳೆದವಳು ಮನೆಯೊಳಗೆ ಹೋಗದೆ ವರ್ಕ್‌ಶಾಪಿಗೆ ನಡೆದಳು. ಬ್ಲೇಡು ಬಿಗಿದದ್ದು ಬಿಗಿದಂತೆಯೇ ಇತ್ತು.

"ನಾನು ಸಡಿಲಿಸ್ತೀನಿ ಬಿಡಿ ಅತ್ತಿಗೆ" ಎಂದ ತಮ್ಮ. "ಹೋಗೋ ಮುಂಚೆ ಆ ಹಲ್ಲುಚಕ್ರ ಬದಲಾಯಿಸಿ, ಬಲಕ್ಕೇ ತಿರುಗೋ ಹಾಗೆ ಮಾಡ್ಕೊಡ್ಲಾ?"

"ಅದನ್ನ ಮುಟ್ಟಿದ್ರೆ ನೋಡು, ಸುಮ್ನಿರಲ್ಲ ನಾನು."

ಅವಳು ಕುಳಿತು ಸರಳಿಗೆ ಮೊಣಕಾಲು ಕೊಟ್ಟಳು. ಹಿಡಿ ಬಲಕ್ಕೆ ತಿರುಗಿತು. ಬ್ಲೇಡು ಉಸಿರು ಬಿಟ್ಟಂತೆ ಸಡಿಲವಾಯಿತು. ಆಕೆ ಹಿಡಿಯ ಮೇಲಿನ ಕೈ ತೆಗೆಯದೆ ಕಣ್ಣು ಮುಚ್ಚಿದಳು.

"ದೇವರೇ, ದಿನವೆಲ್ಲ ಬಿಗಿದುಕೊಂಡೇ ಬದುಕಿದ ಜೀವ. ಸಡಿಲಿಸೋದು ಅವರಿಗೆ ನೆನಪಿರಲ್ಲ, ನೀನೇ ನೋಡ್ಕೋ. ಉಲ್ಟಾ ಅಲ್ಲ ಅಂತ ನಿನ್ನ ಹತ್ರಾನೂ ವಾದಕ್ಕೆ ಬರ್ತಾರೆ. ಒಂದು ಸಲ ಹೂಂ ಅಂದ್ಬಿಡು, ಸುಮ್ಮನಾಗ್ತಾರೆ. ಆಮೇಲೆ ನೆಮ್ಮದಿಯಾಗಿ ಮಲಗಿಸು."