ಮಲ್ಲಿಗಮ್ಮ ನಡೆದ ಬೀದಿಗಳು

ಪಾಪಯ್ಯ ಯುದ್ಧದ ಕಾಲದಲ್ಲಿ ಪಟಾಲಮ್ಮಿಗೆ ಸೇರಿ ಲಾರಿ ಓಡಿಸುವುದನ್ನು ಕಲಿತು ಬಂದವನು. ಊರಿಗೆ ಮರಳಿದ ಮೇಲೆ ರಸ್ತೆ ಇಲಾಖೆಯಲ್ಲಿ ಜೀಪಿನ ಡ್ರೈವರ್ ಆದ. ಹೊಳೆನರಸೀಪುರದ ಅಂಚಿನಲ್ಲಿದ್ದ ಅವನ ಕೇರಿಯಿಂದ ಸರ್ಕಾರಿ ಗಾಡಿ ಹತ್ತಿದವನು ಅವನೊಬ್ಬನೇ. ಐವತ್ತಾರನೇ ಇಸವಿಯಲ್ಲಿ ಅವನ ಸಾಹೇಬರಾದ ಎಂಜಿನಿಯರ್ ಯೋಗಾನರಸಿಂಹ ಅವರಿಗೆ ಎರವಲು ಸೇವೆಯ ಮೇಲೆ ಪಾಂಡಿಚೇರಿಗೆ ವರ್ಗವಾಯಿತು. ಫ್ರೆಂಚರು ಆಡಳಿತ ಬಿಟ್ಟುಕೊಟ್ಟು ಹೆಚ್ಚು ಕಾಲವಾಗದ ಊರು. ಅಲ್ಲಿ ಹೊಸ ಡ್ರೈವರನ್ನು ಹುಡುಕುವುದಕ್ಕಿಂತ ಪಾಪಯ್ಯನೇ ಇರಲಿ ಎಂದು ಸಾಹೇಬರು ಕೇಳಿದರು.

"ಎಂಡ್ರುನ್ನೂ ಕರ್ಕೊಂಡ್ ಬರ್ಲಾ ಸಾ?"

"ಬಾರಯ್ಯ, ಇಬ್ಬರೂ ಬನ್ನಿ. ಮನೆಯ ಹಿತ್ತಲಲ್ಲಿ ಎರಡು ಕೋಣೆ ಇವೆಯಂತೆ."

ಹೀಗೆ ಮಲ್ಲಿಗಮ್ಮ ಪಾಂಡಿಚೇರಿ ಸೇರಿದಳು. ಸಾಹೇಬರ ಬಾಡಿಗೆ ಮನೆ ಇದ್ದದ್ದು ಸಮುದ್ರದ ಕಡೆಗೆ, ಹಿಂದೆ ಬಿಳಿಯರಷ್ಟೇ ಇದ್ದ ಬೀದಿಗಳಲ್ಲಿ. ಊರಿನ ನಡುವೆ ಒಂದು ಕಾಲುವೆ. ಆಚೆಗೆ ತಮಿಳರ ಮನೆಗಳು, ದೊಡ್ಡ ಮಾರ್ಕೆಟ್ಟು. ಬಂದ ಮಾರನೆಯ ಬೆಳಿಗ್ಗೆ ಮಲ್ಲಿಗಮ್ಮ ಉಪ್ಪು ಮೆಣಸಿನಕಾಯಿ ತರಲು ಬುಟ್ಟಿ ಹಿಡಿದು ಹೊರಟವಳು ಗೇಟಿನ ಹತ್ತಿರವೇ ನಿಂತುಬಿಟ್ಟಳು.

"ಯಾಕೆ ನಿಂತ್ಕಂಡೆ?" ಎಂದ ಜೀಪು ಒರೆಸುತ್ತಿದ್ದ ಪಾಪಯ್ಯ.

"ನಮ್ದಾರಿ ಯಾವ್ದು?"

"ಯಾವ ನಮ್ದಾರಿ?"

"ನಮ್ಮೋರು ಓಗೋ ದಾರಿ."

ಪಾಪಯ್ಯನಿಗೆ ಆಗ ಅರ್ಥವಾಯಿತು. ಹೊಳೆನರಸೀಪುರದಲ್ಲಿ ಅವರ ಕೇರಿಯಿಂದ ಸಂತೆಗೆ ಹೋಗಲು ಮೇಲ್ಬೀದಿಯೇ ಹತ್ತಿರದ ದಾರಿ. ಆದರೆ ಅದು ಬ್ರಾಹ್ಮಣರ ಬೀದಿ. ಕೇರಿಯವರು ಗದ್ದೆಯ ಬದುವಿನ ಮೇಲೆ ಬಳಸಿಕೊಂಡು, ಹಿತ್ತಲುಗಳ ಹಿಂದಿನ ಕೊಚ್ಚೆ ದಾಟಿ ಹೋಗಬೇಕು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಅದೆಲ್ಲ ತಪ್ಪು ಎಂದು ದಿಲ್ಲಿಯಲ್ಲಿ ಕಾನೂನೂ ಆಗಿತ್ತಂತೆ. ಆದರೂ ಮಳೆಯಲ್ಲಿ, ತಲೆಯ ಮೇಲೆ ಹೊರೆ ಇದ್ದಾಗ, ಬಸುರಿಯರೂ ಸಹ ಆ ಬದುವಿನ ಮೇಲೆಯೇ ನಡೆಯುತ್ತಿದ್ದರು.

"ಇಲ್ಲೆಂಗೋ ನಂಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಿಲ್ದೋರ್ಗೆ ಎಲ್ಲಾ ದಾರೀನೂ ಒಂದೇ ಕಣೆ. ಓಗು. ಆ ಚಪ್ಲಿ ಯಾಕೆ ಕೈಯಾಗೆ? ಕಾಲಿಗಾಕ್ಕೊ," ಎಂದ ಪಾಪಯ್ಯ.

ಅವಳು ಗೋಡೆಗೆ ಒತ್ತಿಕೊಂಡು ನಡೆದಳು. ಮೂಲೆಯಲ್ಲಿ ಕೆಂಪು ಟೋಪಿಯ ಪೊಲೀಸಿನವನೊಬ್ಬ ಸೈಕಲ್ಲು ಅಡ್ಡ ಇಟ್ಟು ನಿಂತಿದ್ದ. ಇವನೇ ಈಗ ಬೈಯುತ್ತಾನೆ ಎಂದು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಅವನು ಸೈಕಲ್ಲನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ, ಅಷ್ಟೆ. ಮಾರ್ಕೆಟ್ಟಿನಿಂದ ಬರುವಾಗ ಅವಳು ಬೀದಿಯ ನಡುವೆಯೇ ನಡೆದು ಬಂದಳು.

ಆಮೇಲೆ ದಿನಾ ಕೆಲಸ ಮುಗಿದ ಮೇಲೆ ನಡೆಯುವುದೇ ಅವಳಿಗೆ ಒಂದು ಹುಚ್ಚಾಯಿತು. ಬೀದಿಗಳೆಲ್ಲ ನೇಗಿಲ ಸಾಲಿನಂತೆ ನೆಟ್ಟಗೆ. ಅವುಗಳ ಹೆಸರು ಅವಳ ನಾಲಗೆಗೆ ತಿರುಗಲಿಲ್ಲ, ತಾನೇ ಹೆಸರಿಟ್ಟುಕೊಂಡಳು. ಬೆಳಗಿನ ಜಾವ ಬ್ರೆಡ್ಡು ಸುಡುವ ವಾಸನೆ ಬರುವುದು ರೊಟ್ಟಿ ಬೀದಿ. ಹಳದಿ ಗೋಡೆಯ ಮೇಲಿಂದ ಕಾಗದದ ಹೂವಿನ ಬಳ್ಳಿ ಇಳಿಬಿದ್ದಿರುವುದು ಹೂವಿನ ಬೀದಿ. ಮುದುಕಿ ದೊರೆಸಾನಿಯೊಬ್ಬಳು ಕಿಟಕಿಯಲ್ಲಿ ಕೂತು ಬೆಕ್ಕಿನ ಹತ್ತಿರ ಮಾತಾಡುವುದು ಬೆಕ್ಕಿನ ಬೀದಿ. ಇಲ್ಲೂ ಕಸ ಗುಡಿಸುವ ಹೆಂಗಸರು ಅಂಚಿನಲ್ಲೇ ತಲೆ ತಗ್ಗಿಸಿ ನಡೆಯುವುದನ್ನು ಅವಳು ನೋಡಿದಳು. ಈ ಊರೂ ಎಲ್ಲರಿಗೂ ಒಂದೇ ಅಲ್ಲ ಎಂದು ತಿಳಿಯಿತು. ಆದರೆ ಅವಳು ಯಾರ ಮಗಳು, ಯಾವ ಕೇರಿಯವಳು ಎಂಬುದು ಇಲ್ಲಿಯ ಬೀದಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಚಳಿಗಾಲ ಕಳೆದ ಮೇಲೆ ಸಾಹೇಬರ ತಾಯಿ ಶ್ರೀರಂಗಮ್ಮನವರು ಹೊಳೆನರಸೀಪುರದ ಮೇಲ್ಬೀದಿಯ ಮನೆಯಿಂದ ಬಂದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ತುಂಬಾ ಮಡಿ. ಹಿತ್ತಲಲ್ಲಿ ಮಲ್ಲಿಗಮ್ಮ ಕಂಡರೆ ಸೆರಗು ಎಳೆದುಕೊಂಡು ದೂರ ಸರಿಯುತ್ತಿದ್ದರು. ಕೋಪವೇನಿಲ್ಲ, ಅಭ್ಯಾಸ.

ಒಂದು ದಿನ ಬೆಳಿಗ್ಗೆ ಅವರು ಸಮುದ್ರಸ್ನಾನಕ್ಕೆಂದು ಒಬ್ಬರೇ ಹೋದವರು ಹೊತ್ತು ಏರಿದರೂ ಬರಲಿಲ್ಲ. ಸಾಹೇಬರೂ ಪಾಪಯ್ಯನೂ ಜೀಪಿನಲ್ಲಿ ದೂರ ಹೋಗಿದ್ದರು. ಸೊಸೆ ಕನಕಲಕ್ಷ್ಮಿ ಅಳುವ ಹಾಗಾಗಿ ಹಿತ್ತಲಿಗೆ ಓಡಿ ಬಂದಳು.

"ಮಲ್ಲಿಗಮ್ಮ, ಅತ್ತೆ ಬಂದಿಲ್ಲ ಕಣೇ. ನನಗೆ ಇಲ್ಲಿ ಒಂದು ಬೀದಿಯೂ ಗೊತ್ತಿಲ್ಲ."

"ನಂಗೊತ್ತು, ಇರಿ ಅಮ್ಮ," ಎಂದು ಮಲ್ಲಿಗಮ್ಮ ಹೊರಟಳು. ರೊಟ್ಟಿ ಬೀದಿ ನೋಡಿದಳು, ಬೆಕ್ಕಿನ ಬೀದಿ ನೋಡಿದಳು. ಕೊನೆಗೆ ಸಮುದ್ರದ ಹತ್ತಿರದ ಇಗರ್ಜಿಯ ಎದುರು, ಕೈಯಲ್ಲಿ ಬಾವುಟ ಹಿಡಿದ ಹುಡುಗಿಯ ಕಲ್ಲಿನ ಬೊಂಬೆಯ ಕೆಳಗೆ ಶ್ರೀರಂಗಮ್ಮ ಕೂತಿದ್ದರು. ಒದ್ದೆ ಸೀರೆ ಮೈಮೇಲೇ ಒಣಗಿತ್ತು. ಕಾಲು ಉಳುಕಿ ಊದಿಕೊಂಡಿತ್ತು.

"ಎಲ್ಲ ಬೀದಿಯೂ ಒಂದೇ ಥರ ಇವೆ ಕಣೇ," ಎಂದರು ಮಗುವಿನ ಹಾಗೆ. "ತಮಿಳಿನಲ್ಲಿ ಕೇಳಿದೆ. ನಾವು ಅಯ್ಯಂಗಾರರು ಮನೆಯಲ್ಲಿ ಆಡುವುದು ತಮಿಳೇ ತಾನೆ? ಇವರು ನಕ್ಕರು. ಇದು ಯಾವ ಭಾಷೆ ಅಜ್ಜಿ ಅಂತ ಕೇಳಿದರು."

ಮಲ್ಲಿಗಮ್ಮ ನಗು ಬಂದರೂ ತಡೆದುಕೊಂಡಳು. "ರಿಕ್ಷಾ ಕರೀಲಾ ಅಮ್ಮಾವ್ರೇ?"

"ಮನುಷ್ಯ ಎಳೆಯೋ ಗಾಡಿ. ಬೇಡ."

"ಅಂಗಾದ್ರೆ ನನ್ ಭುಜ ಇಡ್ಕೊಳಿ."

ಶ್ರೀರಂಗಮ್ಮ ಅವಳ ಭುಜವನ್ನು ನೋಡಿದರು. "ಸ್ನಾನ ಮಾಡಿಬಿಟ್ಟಿದ್ದೇನೆ ಕಣೇ," ಎಂದರು.

"ಮನೆಗೋಗಿ ಇನ್ನೊಂದ್ ಸಲ ನೀರುಯ್ಕೊಂಡ್ರಾಯ್ತು."

ಮುದುಕಿ ಎದ್ದು ಭುಜ ಹಿಡಿದರು. ಕುಂಟುತ್ತಾ ಮನೆ ಸೇರಿದರು. ಆಮೇಲೆ ಬಚ್ಚಲಲ್ಲಿ ತಂಬಿಗೆ ತಂಬಿಗೆ ನೀರು ಸುರಿಯುವ ಸದ್ದು ಹಿತ್ತಲಿಗೆ ಕೇಳಿಸಿತು. ತಾನೇ ಹೇಳಿಕೊಟ್ಟದ್ದಾದರೂ ಮಲ್ಲಿಗಮ್ಮನಿಗೆ ಆ ಸದ್ದು ಚುಚ್ಚಿತು.

ಕಾಲು ವಾಸಿಯಾದ ಮೇಲೆ ಶ್ರೀರಂಗಮ್ಮನೇ ಹಿತ್ತಲ ಬಾಗಿಲಿಗೆ ಬಂದು ನಿಂತರು. "ಮಲ್ಲಿಗಾ, ಸಮುದ್ರದ ಕಡೆ ಹೋಗಿ ಬರೋಣವೇನೇ? ಒಬ್ಬಳೇ ಹೋದರೆ ಮತ್ತೆ ಕಳೆದುಹೋಗುತ್ತೇನೆ."

ಮೊದಮೊದಲು ಮಲ್ಲಿಗಮ್ಮ ಹಿಂದೆ ನಡೆದಳು. ಹಿಂದಿದ್ದವಳು ದಾರಿ ಹೇಳುವುದು ಹೇಗೆ? ಹಾಗಾಗಿ ಮುಂದೆ ನಡೆದಳು. ಮುಂದಿದ್ದರೆ ಮಾತು ಕೇಳಿಸದು. ಕೊನೆಗೆ ಇಬ್ಬರೂ ಜೊತೆಜೊತೆಗೇ ನಡೆದರು. ಮನೆಗೆ ಬಂದ ಮೇಲೆ ಎರಡನೇ ಸಲ ನೀರು ಸುರಿಯುವ ಸದ್ದು ಯಾವಾಗ ನಿಂತಿತೋ ಮಲ್ಲಿಗಮ್ಮ ಗಮನಿಸಲಿಲ್ಲ. ನಿಂತಿತ್ತು.

ಒಂದು ಸಂಜೆ ಸಮುದ್ರದ ಕಟ್ಟೆಯ ಮೇಲೆ ಕೂತಾಗ ಶ್ರೀರಂಗಮ್ಮ ತಾವಾಗಿಯೇ ಹೇಳಿದರು: "ಊರಲ್ಲಿ ನಾನು ಇಷ್ಟು ನಡೆದವಳೇ ಅಲ್ಲ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ನಾನು ಎದುರಿಗೆ ಬರಬಾರದು. ಬೀದಿಯಲ್ಲಿ ಮದುವೆ ದಿಬ್ಬಣ ಬಂದರೆ ಬಾಗಿಲ ಹಿಂದೆ ನಿಲ್ಲಬೇಕು. ಹೊಳೆಗೆ ಹೋಗಬೇಕಾದರೂ ಜನ ಏಳುವ ಮೊದಲೇ."

"ನಿಮ್ಗೂ ಸುತ್ ದಾರಿನಾ ಅಮ್ಮಾವ್ರೇ?"

"ನಿನಗಾದರೂ ಸುತ್ತು ದಾರಿ ಇತ್ತು. ನನಗೆ ಬಾಗಿಲ ಸಂದು ಇತ್ತು," ಎಂದರು ಮುದುಕಿ. ಕಟ್ಟೆಯಿಂದ ಏಳುತ್ತಾ, "ಊರಿಗೆ ಬಂದ ಮೇಲೆ ಮನೆಗೆ ಬಾರೇ," ಎಂದರು.

ಐವತ್ತೆಂಟರಲ್ಲಿ ಸಾಹೇಬರಿಗೆ ಹಾಸನಕ್ಕೆ ವರ್ಗವಾಯಿತು. ಪಾಪಯ್ಯ ಜೀಪಿನ ಜೊತೆ ಹಾಸನದಲ್ಲಿ ಉಳಿದ. ಮಲ್ಲಿಗಮ್ಮ ಕೇರಿಗೆ, ಅತ್ತೆ ಮಾರಮ್ಮನ ಬಳಿಗೆ ಬಂದಳು. ಶ್ರೀರಂಗಮ್ಮನವರು ಮೇಲ್ಬೀದಿಯ ಮನೆಯಲ್ಲಿ ಕಿರಿಯ ಮಗ, ಶಾಲೆಯ ಮೇಷ್ಟರು ಚಲುವನಾರಾಯಣನ ಜೊತೆ ಇದ್ದರು.

ಬಂದ ಕೆಲವು ದಿನಕ್ಕೆ ಮಲ್ಲಿಗಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡು ಮೇಲ್ಬೀದಿಗೆ ಕಾಲಿಟ್ಟಳು. ಅಮ್ಮಾವ್ರ ಪಕ್ಕದ ಮನೆಯ ಜಗುಲಿಯಲ್ಲಿ ರಂಗಸ್ವಾಮಿ ಪೇಪರ್ ಓದುತ್ತಿದ್ದ.

"ಯಾರಮ್ಮ ನೀನು? ಎಲ್ಲಿಗೆ?"

"ಅಮ್ಮಾವ್ರನ್ನ ನೋಡಕ್ಕೆ ಬಂದೆ ಬುದ್ಧಿ. ಡ್ರೈವರ್ ಪಾಪಯ್ಯನ ಎಂಡ್ರು."

"ಹಿತ್ತಲ ಕಡೆಯಿಂದ ಹೋಗಬೇಕು ಅಂತ ಗೊತ್ತಿಲ್ಲವಾ? ಪಾಂಡಿಚೇರಿ ನೋಡಿ ಬಂದ ತಕ್ಷಣ ದೊರೆಸಾನಿ ಆಗಿಬಿಟ್ಟೆಯಾ?"

ಬೇರೆ ಜಗುಲಿಗಳಲ್ಲೂ ಜನ ಎದ್ದು ನಿಂತರು. ಮಲ್ಲಿಗಮ್ಮ ಶ್ರೀರಂಗಮ್ಮನವರ ಮನೆಯ ಕಿಟಕಿ ನೋಡಿದಳು. ಸರಳಿನ ಹಿಂದೆ ಪರಿಚಯದ ಸೀರೆಯಂಚು ಕಂಡಿತು. "ಅಮ್ಮಾವ್ರೇ," ಎಂದು ಕರೆದಳು. ಅಂಚು ಅಲುಗಿತು, ಒಳಕ್ಕೆ ಸರಿಯಿತು. ಬಾಗಿಲು ತೆರೆಯಲಿಲ್ಲ.

ಅವಳು ತಿರುಗಿ ನಡೆದಳು. ಗದ್ದೆಯ ಬದು ಸಿಗುವ ತನಕ ಅಳಲಿಲ್ಲ.

ಆವತ್ತಿನಿಂದ ಶ್ರೀರಂಗಮ್ಮನವರಿಗೆ ಊಟ ಸೇರಲಿಲ್ಲ. "ಏನಮ್ಮ, ಮೈಗೆ ಹುಷಾರಿಲ್ಲವಾ?" ಎಂದು ಚಲುವನಾರಾಯಣ ಕೇಳಿದ.

"ಅವಳು ನನ್ನನ್ನ ಕರೆದಳು ಕಣೋ. ನಾನು ಒಳಗೆ ಸರಿದೆ."

"ಬಿಡಮ್ಮ. ಬೀದಿಯಲ್ಲಿ ಸುಮ್ಮನೆ ಜಗಳ ಯಾಕೆ?"

"ಕಳೆದುಹೋದಾಗ ಹುಡುಕಿಕೊಂಡು ಬಂದವಳು ಅವಳು. ಇವರ್ಯಾರೂ ಅಲ್ಲ," ಎಂದರು. ಒಂದು ದಿನ ಬೀದಿಯ ಜನವೆಲ್ಲ ಎದ್ದು ಓಡಾಡುವ ಹೊತ್ತಿಗೆ ಸೆರಗು ಹೊದ್ದು, ಯಾರಿಗೂ ಹೇಳದೆ, ಮುಂಬಾಗಿಲಿನಿಂದಲೇ ಹೊರಟರು.

ಕೇರಿಯ ಬಾಯಲ್ಲಿ ಒಂದು ಹೊಂಗೆ ಮರ. ಅಲ್ಲಿಗೆ ಅವರು ಬರುವುದನ್ನು ಕಂಡು ಕೇರಿಯ ಯಜಮಾನ ಬೋರಪ್ಪ ಎದ್ದು ಓಡಿ ಬಂದ. ಅವನ ಹಿಂದೆ ಮಾರಮ್ಮ ಸಗಣಿ ನೀರಿನ ಮಡಕೆ ಹಿಡಿದು ಬಂದಳು.

"ಅಲ್ಲೇ ನಿಂತ್ಕಳಿ ತಾಯಿ!" ಎಂದು ಬೋರಪ್ಪ ಎರಡೂ ಕೈ ಅಡ್ಡ ಹಿಡಿದ. "ಒಳಕ್ಕೆ ಬರ್ಬ್ಯಾಡಿ. ನಿಮ್ಮಂತಾ ಆರುವ್ರು ಕಾಲಿಟ್ರೆ ಕೇರಿ ಆಳಾಯ್ತದೆ ಅಂತ ನಮ್ ಇರೀಕ್ರು ಮಾತು."

ಶ್ರೀರಂಗಮ್ಮನವರಿಗೆ ಇದು ಗೊತ್ತೇ ಇರಲಿಲ್ಲ. "ನಾನು ಬಂದರೆ ನಿಮಗೆ ಕೇಡಾ?"

"ಔದು ಕಣ್ರವ್ವ," ಎಂದಳು ಮಾರಮ್ಮ ಮಡಕೆ ಕೆಳಗಿಳಿಸದೆ. "ನೀವ್ ಬಂದು ಓದ್ ದಾರೀನೆಲ್ಲ ಸಾರಿಸ್ಬೇಕು."

ಮುದುಕಿಗೆ ತಮ್ಮ ಬಚ್ಚಲಿನ ನೀರು ನೆನಪಾಯಿತೋ ಏನೋ, ಮುಖ ಕೆಂಪಾಯಿತು. "ಹಾಗಾದರೆ ಇಲ್ಲೇ ಕೂರುತ್ತೇನೆ. ಮಲ್ಲಿಗಮ್ಮನ್ನ ಕರೆಯಿರಿ," ಎಂದು ಹೊಂಗೆಯ ಬೇರಿನ ಮೇಲೆ ಕೂತರು.

ಮಲ್ಲಿಗಮ್ಮ ಬಂದು ದೂರವೇ ನಿಂತಳು.

"ನಾನ್ ಕರ್ದೆ. ನೀವ್ ಬರ್ಲಿಲ್ಲ."

"ಬರಲಿಲ್ಲ."

"ಯಾಕ್ ಬರ್ಲಿಲ್ಲ?"

"ಹೆದರಿದೆ ಕಣೇ."

"ಆ ರಂಗಸ್ವಾಮಯ್ನೋರ್ಗಾ?"

"ಅವನನ್ನ ಎತ್ತಿ ಆಡಿಸಿದವಳು ನಾನು. ಅಂಥವನಿಗೆ ಹೆದರಿದೆ."

"ಈಗ ಎದ್ರಿಕೆ ಓಯ್ತಾ?"

"ಇಲ್ಲ," ಎಂದರು ಶ್ರೀರಂಗಮ್ಮ. "ಅದಕ್ಕೇ ಜೊತೆಗೆ ಬಾ ಅಂತ ಕರೆಯೋಕ್ಕೆ ಬಂದೆ."

ಮಲ್ಲಿಗಮ್ಮ ಅತ್ತೆಯ ಮುಖ ನೋಡಿದಳು. ಮಲ್ಲಿಗಮ್ಮ ಮುದುಕಿಯ ಕೈ ಹಿಡಿದು ಎಬ್ಬಿಸಿದಳು.

ಇಬ್ಬರೂ ಮೇಲ್ಬೀದಿಗೆ ತಿರುಗಿದಾಗ ರಂಗಸ್ವಾಮಿ ಎದ್ದು ಬಂದ.

"ಅಜ್ಜೀ, ಏನಿದು?"

"ನಡೀತಾ ಇದ್ದೀವಿ ಕಣೋ."

"ಇವಳ ಜೊತೆ?"

"ಪಾಂಡಿಚೇರಿಯಲ್ಲೂ ಇವಳ ಜೊತೆಯೇ ನಡೆದೆ. ಇವಳಿಲ್ಲದಿದ್ದರೆ ಅಲ್ಲೇ ಎಲ್ಲೋ ಕಳೆದುಹೋಗುತ್ತಿದ್ದೆ. ದಾರಿ ಬಿಡು."

ಅವನು ಬಿಟ್ಟ. ಮನಸ್ಸಿನಿಂದ ಬಿಡಲಿಲ್ಲ, ಮುದುಕಿಯನ್ನು ಮುಟ್ಟಿ ತಡೆಯಲಾರದೆ ಬಿಟ್ಟ. ಬೀದಿಯ ತುದಿಯ ಮಂಟಪದವರೆಗೆ ಹೋಗಿ, ತಿರುಗಿ ಬಂದು, ಇಬ್ಬರೂ ಜಗುಲಿಯ ಮೇಲೆ ಕೂತರು. ಚಲುವನಾರಾಯಣ ಬಾಗಿಲಲ್ಲಿ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆಮೇಲೆ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಿಟ್ಟ.

ಬೀದಿಯವರು ಆ ಮನೆಯನ್ನು ಸ್ವಲ್ಪ ಕಾಲ ದೂರವಿಟ್ಟರು. ಶುಭಕಾರ್ಯಕ್ಕೆ ಶ್ರೀರಂಗಮ್ಮನವರನ್ನು ಮೊದಲೂ ಯಾರೂ ಕರೆಯುತ್ತಿರಲಿಲ್ಲ, ಹಾಗಾಗಿ ಅವರಿಗೆ ನಷ್ಟವೇನೂ ಆಗಲಿಲ್ಲ. ಕಷ್ಟವಾದದ್ದು ಚಲುವನಾರಾಯಣನಿಗೆ. ತಂದೆಯ ಶ್ರಾದ್ಧಕ್ಕೆ ಊರಿನ ಪುರೋಹಿತರು ಬರಲಿಲ್ಲ; ಚನ್ನರಾಯಪಟ್ಟಣದಿಂದ ಒಬ್ಬರನ್ನು ಬಸ್ಸಿನಲ್ಲಿ ಕರೆತಂದ. ಮಲ್ಲಿಗಮ್ಮ ಒಬ್ಬಳೇ ಹೋಗುತ್ತಿದ್ದಾಗ ಆ ಬೀದಿಯ ಯಾವುದೋ ಮಹಡಿಯಿಂದ ಯಾರೋ ಕೊಳಕು ನೀರು ಸುರಿದರು. ಹಾಸನದಿಂದ ಬಂದ ಪಾಪಯ್ಯ ಪೊಲೀಸಿಗೆ ಹೋಗುತ್ತೇನೆಂದು ಕುಣಿದಾಡಿದ. "ಓಗೋದಾದ್ರೆ ಓಗು," ಎಂದಳು ಮಲ್ಲಿಗಮ್ಮ, "ನಾನಂತೂ ನಾಳೆ ಅದೇ ಬೀದೀಲಿ ಓಯ್ತೀನಿ." ಹೋದಳು. ಪಾಪಯ್ಯನೂ ಜೊತೆಗೆ ಹೋದ. ಬರುಬರುತ್ತಾ ಕೇರಿಯ ಹೆಂಗಸರು ಅವಳ ಹಿಂದೆ ಇಬ್ಬಿಬ್ಬರಾಗಿ ಆ ದಾರಿಯಲ್ಲಿ ಸಂತೆಗೆ ಹೋಗತೊಡಗಿದರು. ಮಲ್ಲಿಗಮ್ಮ ಶ್ರೀರಂಗಮ್ಮನವರ ಮನೆಯ ಜಗುಲಿಯಿಂದ ಒಳಗೆ ಮಾತ್ರ ಯಾವತ್ತೂ ಹೋಗಲಿಲ್ಲ. ಅವರು ಕರೆಯಲಿಲ್ಲ, ಅವಳು ಕೇಳಲಿಲ್ಲ. ಅರವತ್ತೆರಡರಲ್ಲಿ ಆ ಮುದುಕಿ ತೀರಿಕೊಂಡ ದಿನ ಅವಳು ಅದೇ ಜಗುಲಿಯಲ್ಲಿ ಕೂತು ಅತ್ತಳು, ಯಾರೂ ಏಳು ಎನ್ನಲಿಲ್ಲ.

ಮಾರಮ್ಮ ಮಾತ್ರ ಬಹಳ ಕಾಲ ಬದುವಿನ ಮೇಲೇ ನಡೆದಳು. ಶ್ರೀರಂಗಮ್ಮನವರು ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಬದು ಕುಸಿದಾಗ ಸೊಸೆಯನ್ನು ಕರೆದು, "ಒಂದ್ ಸಲ ನನ್ನೂ ಆ ಕಡೆ ಕರ್ಕೊಂಡ್ ಓಗೆ, ಅದೇನೈತೋ ನೋಡಾನ," ಎಂದಳು. ಸೊಸೆಯ ತೋಳು ಬಿಗಿಯಾಗಿ ಹಿಡಿದು, ಎಡಕ್ಕೂ ಬಲಕ್ಕೂ ನೋಡುತ್ತಾ ಮೇಲ್ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ಜಗುಲಿಗಳು, ರಂಗೋಲಿ, ಒಂದು ಬಾವಿ, ಬಿಸಿಲಿಗೆ ಹರವಿದ ಹಪ್ಪಳ, ಮಲಗಿದ್ದ ಕರು. ಮಂಟಪದ ಹತ್ತಿರ ನಿಂತು ಹಿಂತಿರುಗಿ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅತ್ತೆ."

"ಇಷ್ಟಕ್ಕಾ ನಾವು ಆಪಾಟಿ ಸುತ್ತು ಓಯ್ತಿದ್ದಿದ್ದು?"

ಸಂತೆಯಲ್ಲಿ ಅವಳು ಬದನೆಕಾಯಿ ಕೊಂಡಳು, ಚೌಕಾಸಿ ಮಾಡುವುದನ್ನೂ ಮರೆತು.