ಬಚ್ಚಲ ಪೈಪಿನಲ್ಲಿ ಕಂಡ ನೀಹಾರಿಕೆ

ನಾನು ಒಂದು ದೂರದರ್ಶಕ. ಹುಟ್ಟಿದ್ದು ಗದಗದ ಲೇತ್ ಅಂಗಡಿಯಲ್ಲಿ. ಆದರೆ ನನ್ನ ಮೈ ಬಂದದ್ದು ಬಚ್ಚಲಿಗೆಂದು. ಕಾಳವ್ವ ಮೂರು ವರ್ಷ ಗೋಗರೆದ ಮೇಲೆ ಆಕೆಯ ಗಂಡ, ಆ ಅಂಗಡಿಯ ಮೌನೇಶಪ್ಪ ಬಡಿಗೇರ, ಬಚ್ಚಲ ನೀರು ಹೊರಹೋಗಲು ದಪ್ಪ ಪೈಪೊಂದನ್ನು ತಂದ. ತಂದವನು ಅದರೊಳಗೆ ಒಮ್ಮೆ ಇಣುಕಿದ. ಬಚ್ಚಲ ಕಥೆ ಅಲ್ಲಿಗೆ ಮುಗಿಯಿತು.

ಪೈಪು ದೂರದರ್ಶಕವಾಗಲು ಅದರ ತಳಕ್ಕೆ ಕನ್ನಡಿ ಬೇಕಿತ್ತು. ಒಂದು ಡ್ರಮ್ಮಿನ ತಲೆಯ ಮೇಲೆ ಗಾಜು, ಅದರ ಮೇಲೆ ಇನ್ನೊಂದು ಗಾಜಿಟ್ಟು, ನಡುವೆ ಒದ್ದೆ ಸಾಣೆಪುಡಿ ಹಾಕಿ, ಡ್ರಮ್ಮಿನ ಸುತ್ತ ಸುತ್ತುತ್ತ ಅವನು ಐದು ತಿಂಗಳು ಉಜ್ಜಿದ. ನೆಲದಲ್ಲಿ ಮೊಣಕಾಲುದ್ದ ಗುಂಡಿ ಬಿತ್ತು, ನಂಬದಿದ್ದರೆ ಬಿಡಿ. ಇಷ್ಟು ದೂರ ನೆಟ್ಟಗೆ ನಡೆದಿದ್ದರೆ ಚಂದ್ರನಲ್ಲಿಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದಿತ್ತು ಎಂದು ಕಾಳವ್ವ ಓಣಿಗೆಲ್ಲ ಸಾರಿದಳು.

ಮೌನೇಶಪ್ಪ ಹೆಸರಿಗಷ್ಟೇ ಮೌನಿ. ಧನುರಾಶಿಯ ನೀಹಾರಿಕೆಯನ್ನು ತೋರಿಸುತ್ತೇನೆ, ಆಕಾಶಕ್ಕೆ ಹಾರಿಬಿಟ್ಟ ಯಂತ್ರಗಳು ತೆಗೆದ ಚಿತ್ರದ ಹಾಗೆ ಗುಲಾಬಿ ಬಣ್ಣದ್ದು ಎಂದು ನಲವತ್ತು ಜನರಿಗೆ ಹೇಳಿಬಿಟ್ಟ. ಮೋಡದ ದೆಸೆಯಿಂದ ತಾನೇ ಇನ್ನೂ ನೋಡಿರಲಿಲ್ಲ.

"ಏನೂ ಕಾಣಲಿಲ್ಲಂದ್ರ ಮರುದಿನಾನ ಪೈಪ್ ಬಚ್ಚಲಕ್ಕ ಹೋಗತೈತಿ, ನೋಡ್ರಿ," ಎಂದಳು ಕಾಳವ್ವ.

ಆಗಲೇ ನನ್ನ ಹೊಟ್ಟೆಯೊಳಗೆ ಸೋಪಿನ ನೀರು ಹರಿದಂತಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಲೇತು, ಸುತ್ತಿಗೆ, ಅರ, ಎಲ್ಲಕ್ಕೂ ಕಾಳವ್ವ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದಳು. ನಾನು ಅವಳ ಹಗೆ. ಆದರೂ ಹಬ್ಬದ ದಿನ ಯಾವ ಉಪಕರಣವನ್ನೂ ಬರಿ ಹಣೆಯಲ್ಲಿ ಬಿಡುವವಳಲ್ಲ. ನನ್ನ ಹಣೆಗಾಗಿ ಹುಡುಕಾಡಿ, ಕಣ್ಣಿಟ್ಟು ನೋಡುವ ಪುಟ್ಟ ಗಾಜೇ ಅದೆಂದು ತೀರ್ಮಾನಿಸಿ, ಅಲ್ಲಿ ತೆಳ್ಳಗೆ ಬಳಿದು ಬಟ್ಟೆ ಮುಚ್ಚಿದಳು.

ಹತ್ತು ದಿನದ ಮೇಲೆ, ಚಂದ್ರ ಇನ್ನೂ ಹುಟ್ಟದ ಸಂಜೆ, ಓಣಿಯೆಲ್ಲ ಮಾಳಿಗೆ ಹತ್ತಿತು. ಮೌನೇಶಪ್ಪ ನನ್ನ ಬೆನ್ನ ಮೇಲಿಂದಲೇ ಧನುರಾಶಿಗೆ ಗುರಿ ಹಿಡಿದು, ಬಂದವರೇ ಮೊದಲು ನೋಡಲಿ ಎಂದು ಸರಿದು ನಿಂತ. ಮೊದಲು ನೋಡಿದ ಹಿಟ್ಟಿನ ಗಿರಣಿಯ ಪಂಪಣ್ಣ ಚಪ್ಪಲಿ ಬಿಟ್ಟು ಕೈಮುಗಿದ. ಕೆಂಪೇ ಕೆಂಪು. ಒಬ್ಬಳಿಗೆ ಅದರಲ್ಲಿ ದೇವಿಯ ಮುಖವೂ ಕಂಡಿತು. ಬಚ್ಚಲಿಂದ ಪಾರಾದೆ ಎಂದು ನಾನು ಉಸಿರು ಬಿಟ್ಟೆ.

ಕೊನೆಗೆ ಮೌನೇಶಪ್ಪ ನೋಡಿದ. ಕೂದಲೆಳೆಯಷ್ಟು ತಪ್ಪಿದರೂ ಲೇತಿಗೆ ಮತ್ತೆ ಏರಿಸುವ ಮನುಷ್ಯ ಅವನು. ಗಾಜಿನ ಮೇಲೆ ಬೆರಳಾಡಿಸಿದ, ಬೆರಳು ನೋಡಿಕೊಂಡ. ಸುಮ್ಮನಿದ್ದಿದ್ದರೆ ಅವನ ಮಾನವೂ ಉಳಿಯುತ್ತಿತ್ತು, ನನ್ನ ಪ್ರಾಣವೂ. ಆದರೆ ಅವನು ಧೋತರದ ಅಂಚಿನಿಂದ ಗಾಜನ್ನು ಒರೆಸಿದ.

"ನೀವು ನೋಡಿದ್ದು ಕುಂಕುಮ. ಖರೇ ನೀಹಾರಿಕೆ ಈಗ ನೋಡ್ರಿ."

ನೋಡಿದರು. ಬೂದಿ ಬಣ್ಣದ ಒಂದು ಮಸುಕು. ಪಂಪಣ್ಣ ಚಪ್ಪಲಿ ಮೆಟ್ಟಿಕೊಂಡು ನಡೆದ. ಹಿಂದೆಯೇ ಮಿಕ್ಕವರೂ ಇಳಿದುಹೋದರು.

ಕಾಳವ್ವ ಮಾತ್ರ ಉಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಸಲ ನನಗೆ ಕಣ್ಣಿಟ್ಟಳು. ಅಲ್ಲಿ ಚುಕ್ಕಿಗಳು ಹುಟ್ಟುತ್ತಿವೆ ಎಂದು ಗಂಡ ಮೆಲ್ಲಗೆ ಹೇಳಿದ. ಅವಳು ಕದಲಲಿಲ್ಲ. ಕತ್ತು ಹಿಡಿದುಹೋಗುವಷ್ಟು ಹೊತ್ತು ನೋಡಿದಳು.

"ಬಾಣಂತಿ ಖೋಲ್ಯಾಗ ಲೋಬಾನದ ಹೊಗಿ ಹಾಕಿದಂಗ ಐತಲ್ರಿ," ಎಂದಳು ಆಮೇಲೆ. "ಬಚ್ಚಲಕ್ಕ ಬ್ಯಾರೆ ಪೈಪ್ ತರ್ರಿ."

ಈಗ ಮೌನೇಶಪ್ಪ ಇಲ್ಲ. ನನ್ನ ಕನ್ನಡಿಗೂ ಪೊರೆ ಬಂದಿದೆ, ಅವಳ ಕಣ್ಣಿಗೂ. ಬೇರೆ ದೂರದರ್ಶಕಗಳು ಬಾನಿಗೇ ಹೋಗಿ ಕೂತಿವೆಯಂತೆ. ಹೋಗಲಿ, ದೊಡ್ಡವರ ಮಕ್ಕಳು. ನಾನು ಮಾಳಿಗೆಯ ಮೂಲೆಯಲ್ಲಿ ಸುಖವಾಗಿದ್ದೇನೆ. ಯಾರಾದರೂ ನೋಡಲು ಬಂದು ಗಟ್ಟಿಯಾಗಿ ಮಾತಾಡಿದರೆ ಕಾಳವ್ವ ತುಟಿಗೆ ಬೆರಳಿಡುತ್ತಾಳೆ.

"ಮೆಲ್ಲಕ ಮಾತಾಡ್ರಿ. ಅಲ್ಲಿ ಹೆರಿಗಿ ನಡದೈತಿ."