ಕುಣಿಯೊಳಗಿನ ಕೂಗು

ಆ ಶನಿವಾರ ಬೆಳಿಗ್ಗೆ ನಾರಾಯಣಪೇಟೆಗೆ ಮಂಜು ಬಿದ್ದಿತ್ತು. ಕಲ್ಲುಬಿಸಿಲಿನ ಆ ಊರಿಗೆ ಮಂಜು ಬರುವುದೇ ವರ್ಷಕ್ಕೆ ಒಂದೋ ಎರಡೋ ದಿನ. ಬಂದರೆ ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ಕರೆಯದ ನೆಂಟನಂತೆ ಒಳಗೇ ಬಂದು ಕೂರುತ್ತದೆ. ಕಿಟಕಿಯಿಂದ ಮಗ್ಗದ ಕೋಣೆಗೆ ಇಳಿದು, ನೇಯುವವರು ಕಾಲಿಡಲೆಂದು ತೋಡಿದ ಕುಣಿಯನ್ನು ತುಂಬಿಕೊಂಡು, ಹಾಲು ಹೊಯ್ದಂತೆ ಅಲುಗದೆ ನಿಂತಿತ್ತು. ಮಹಾಂತಮ್ಮ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಮೊಣಕಾಲಿನ ಕೆಳಗೆ ಅವಳ ಕಾಲು ಅವಳಿಗೇ ಕಾಣಲಿಲ್ಲ.

ಆಗ ಕೂಗು ಬಂತು.

"ಮಾಂತವ್ವಾ."

ಒಂದೇ ಸಲ. ಕುಣಿಯ ತಳದಿಂದ ಬಂದಂತೆ, ಬಲು ಮೆಲ್ಲಗೆ. ಅವಳು ಓಗೊಡಲಿಲ್ಲ. ಒಂಟಿ ಕೂಗಿಗೆ ಓಗೊಡಬಾರದು, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಎಂದು ಹಡೆದವ್ವ ಕಲಿಸಿದ್ದಳು. ಹನ್ನೆರಡು ವರ್ಷದಿಂದ ದಿನಾ ಮಗ್ಗಕ್ಕೆ ಕೂರುವ ಹೊತ್ತಿಗೆ ಆ ಕೂಗು ಬರುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

ಬಳೆ ಸರಿಸಿ ಕೈ ನೋಡಿಕೊಂಡಳು. ದೀಪಾವಳಿಯ ಹೊತ್ತಿಗೆ ಎಡ ಮುಂಗೈಯ ಒಳಬದಿಗೆ ಒಂದು ಬಿಳಿ ಮಚ್ಚೆ ಮೂಡಿತ್ತು, ತುದಿ ಬಾಗಿದ ಮಾವಿನಕಾಯಿಯ ಆಕಾರ. ಇಂದು ಬಲಗೈಯಲ್ಲೂ ಅದೇ ಜಾಗದಲ್ಲಿ ಅದೇ ಮಾವಿನಕಾಯಿ, ಮುಖ ಮಾತ್ರ ಈಚೆಗೆ. ಸೀರೆಯ ಒಂದು ಅಂಚಿನ ಹೂವು ಇನ್ನೊಂದು ಅಂಚಿನಲ್ಲಿ ಎದುರುಬದುರಾಗಿ ಬೀಳುತ್ತದಲ್ಲ, ಹಾಗೆ. ಒಳಗೆ ಯಾರೋ ಕೂತು, ಒಂದು ಕೈ ನೋಡಿಕೊಂಡು ಇನ್ನೊಂದನ್ನು ನೇಯುತ್ತಿದ್ದಾರೆ ಅನ್ನಿಸಿತು.

"ಏನವಾ, ಸೋಮವಾರಕ್ಕ ಹಾಸು ತಯಾರೈತಿಲ್ಲ?"

ಬಾಗಿಲಲ್ಲಿ ಗಂಡನ ಅಣ್ಣ ವೀರಯ್ಯ ನಿಂತಿದ್ದರು. ಅವಳು ಸೆರಗು ಎಳೆದು ಕೈ ಮುಚ್ಚಿಕೊಂಡಳು.

"ಆಗೈತ್ರಿ ಭಾವಾರ."

"ಮಂಜಿನಾಗ ಕುಂತೀಯಲ್ಲ, ಕುಣ್ಯಾಗ ಹಾವು ಹೊಕ್ಕರೂ ಕಾಣಂಗಿಲ್ಲ. ಮತ್ತ ಅದಕ್ಕೂ ನೇಯಾಕ ಕಲಿಸಿಗಿಲಿಸೀಯ." ನಕ್ಕು ಹೋದರು.

ಸೋಮವಾರ ಮನೆದೇವತೆ ಬನ್ನಿಯವ್ವನ ಸೀರೆಗೆ ಮೊದಲ ಎಳೆ ಹಾಕುವ ದಿನ. ಆ ಸೀರೆಗೆ ಬೇರೆಯದೇ ಒಂದು ಲಾಳಿ, ಹಿತ್ತಾಳೆ ಮೂತಿಯದು, ನಾಲ್ಕು ತಲೆಮಾರಿನ ಕೈ ತಾಕಿ ನುಣುಪಾದದ್ದು. ಲಾಳಿ ಎಸೆಯುವ ಮುಂಚೆ ನೇಯುವವಳು ದೀಪದ ಮುಂದೆ ಎರಡೂ ಕೈ ತೋರಿಸಬೇಕು. ಮಚ್ಚೆ ಇರುವ ಕೈ ಅವ್ವನ ಸೀರೆ ಮುಟ್ಟಬಾರದು. ಹಾಸು, ಅಂದರೆ ಮಗ್ಗದ ಉದ್ದೆಳೆ, ಹೂಡಿದ ದಿನದಿಂದ ಲಾಳಿ ಅವಳ ಮೈಯನ್ನು ಬಿಟ್ಟಿರಬಾರದು. ಅದನ್ನು ಇನ್ನೊಬ್ಬರು ಕಸಿಯುವಂತಿಲ್ಲ. ಹಿಡಿದವಳೇ ಕೈಯಾರೆ ಕೊಡಬೇಕು, ಹಾಗೆ ಪಡೆದವಳನ್ನು ಯಾರೂ ಬೇಡ ಎನ್ನುವಂತಿಲ್ಲ.

ಹನ್ನೆರಡು ವರ್ಷದ ಹಿಂದೆ ಆ ಲಾಳಿ ವೀರಯ್ಯನವರ ತಂಗಿ, ಮಹಾಂತಮ್ಮನ ಗಂಡನ ಅಕ್ಕ ಉರುಕುಂದಮ್ಮನ ಕೈಯಲ್ಲಿತ್ತು. ಗಂಡ ತೀರಿದ ಮೇಲೆ ತವರಿಗೆ ಬಂದು ನೇಯುತ್ತಿದ್ದ ಆಕೆ ಮಹಾಂತಮ್ಮನಿಗೆ ಮಗ್ಗ ಕಲಿಸಿದ ಗುರು. ಆ ವರ್ಷ ದೀಪದ ಮುಂದೆ ಆಕೆ ಕೈ ಚಾಚಿದಾಗ ಮಹಾಂತಮ್ಮನ ಮೂಗಿಗೆ ಬಣ್ಣದ ವಾಸನೆ ಬಡಿಯಿತು. "ಅಕ್ಕಾ, ಮುಂಗೈಗೆ ಬಣ್ಣ ಹಚ್ಚೀಯಲ್ಲ," ಎಂದುಬಿಟ್ಟಳು. ಮನೆಮಂದಿಯೆಲ್ಲ ಬಗ್ಗಿದರು. ಒದ್ದೆ ಬಟ್ಟೆ ತಂದರು. ಒರೆಸಿದಲ್ಲಿ ಬಿಳಿ ಎದ್ದಿತು. ಉರುಕುಂದಮ್ಮ ಲಾಳಿಯನ್ನು ಮಹಾಂತಮ್ಮನ ಕೈಗಿಟ್ಟಳು. ವಾರದೊಳಗೆ ಗಂಟು ಕಟ್ಟಿ ಮಕ್ತಲಿಗೆ ಹೋಗಿಬಿಟ್ಟಳು. ಯಾರೂ ಕರೆತರಲಿಲ್ಲ. ಅವ್ವನ ಸಲುವಾಗಿ ಹೇಳಿದೆ ಎಂದು ಮಹಾಂತಮ್ಮ ಬಹಳ ದಿನ ನಂಬಿದ್ದಳು. ಲಾಳಿಯ ಆಸೆ ತನಗಿತ್ತೆಂಬುದು ಅವಳಿಗೂ ಬನ್ನಿಯವ್ವನಿಗೂ ಮಾತ್ರ ಗೊತ್ತು.

ಈಗ ಅದೇ ಮುಂಗೈ, ಅದೇ ಜಾಗ. ಇವಳೂ ರೇಷ್ಮೆಯ ಬಣ್ಣ ಬೆರೆಸಿ, ತನ್ನ ಮೈಬಣ್ಣ ಹಿಡಿದು ಹಚ್ಚಿಕೊಳ್ಳುತ್ತಿದ್ದಳು. ಆದರೆ ಸಂಜೆ ದೀಪ ಹಚ್ಚುವ ಮುಂಚೆ ಇಟ್ಟಂಗಿ ಚೂರಿನಿಂದ ತಿಕ್ಕಿ ತೆಗೆಯುತ್ತಿದ್ದಳು. ಊರಿಗೆ ಸುಳ್ಳಾಡಬಹುದು, ದೀಪಕ್ಕೆ ಆಡಬಾರದು ಎಂಬುದು ಅವಳ ಭಕ್ತಿ. ತಿಕ್ಕಿದಷ್ಟೂ ಮಚ್ಚೆ ಬೆಳೆಯುತ್ತಿತ್ತು.

ಎಂಟರ ಬಸ್ಸಿಗೆ, ಅಂಚಿನ ಮಾವಿನಕಾಯಿ ಹೂವಿಗೆ ನೂಲು ತರುವ ನೆಪ ಹೇಳಿ, ಲಾಳಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮಕ್ತಲ್ ಹಾದು, ಕೃಷ್ಣೆ ದಾಟಿ, ಗದ್ವಾಲಕ್ಕೆ ಬಂದಾಗ ಬಿಸಿಲು ಏರಿತ್ತು. ಚರ್ಮದ ಡಾಕ್ಟರು ಸ್ರವಂತಿ, ರಾಯಚೂರು ಕಡೆಯ ಹುಡುಗಿ, ಅವಳ ಎರಡೂ ಕೈಗಳನ್ನು ದೀಪದ ಕೆಳಗೆ ಹಿಡಿದು ನೋಡಿದಳು.

"ಇದು ತೊನ್ನು, ಅಂಟು ರೋಗ ಅಲ್ರಿ. ಯಾರಿಂದಲೂ ಬಂದಿಲ್ಲ, ಯಾರಿಗೂ ಹೋಗಂಗಿಲ್ಲ."

"ಮತ್ತ ಅಕ್ಕಗ ಬಂದಿದ್ದ ಜಾಗಕ್ಕ ನನಗ ಹೆಂಗ ಬಂತ್ರೀ? ಆಕಿ ಮಗ್ಗಕ್ಕ ನಾ ಕುಂತೀನಿ."

"ಹೆಂಗ ಕೂಡ್ತೀರಿ, ತೋರಸ್ರಿ."

ಮಹಾಂತಮ್ಮ ಸ್ಟೂಲಿನ ಮೇಲೆ ಕೂತು ಕೈಯಲ್ಲಿಲ್ಲದ ಲಾಳಿಯನ್ನು ಎಸೆದಳು, ಎಳೆ ಬಡಿಯುವ ಇಲ್ಲದ ಹಲಗೆಯನ್ನು ಎಳೆದಳು. ಪ್ರತಿ ಸಲವೂ ಮುಂಗೈ ಮೇಜಿನ ಅಂಚಿಗೆ ಉಜ್ಜಿತು. ಡಾಕ್ಟರು ಅಂಚನ್ನು ತೋರಿಸಿದಳು. "ನಿಮ್ಮಕ್ಕನ ಕೈನೂ ಇಲ್ಲೇ ಉಜ್ಜಿರತೈತಿ. ಸಂದ್ಯಾಗ ಬಣ್ಣ ಉಳಿದೈತಿ, ಇದನ್ನ ಹೆಂಗ ತೆಗೀತೀರಿ?"

ಇಟ್ಟಂಗಿಯ ಸಂಗತಿ ಕೇಳಿ ಆಕೆ ಮಚ್ಚೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ದಿನಾ ಸಂಜೀಕ ನೀವ ಎಬ್ಬಸ್ತೀರಿ ಅದನ್ನ. ಚರ್ಮದಾಗ ಬಣ್ಣ ಮಾಡೋ ಕಣ ಅದಾವ. ಪೆಟ್ಟು ಬಿದ್ರ ನರಳತಾವ. ಆ ಸುಳಿವು ಹಿಡಿದು ರಕ್ತದಾಗಿನ ಕಾವಲು ಕಣ ಬರತಾವ. ಬಂದು ಒಂದು ರಸ ಬಿಡತಾವ, ಇಂಟರ್‌ಫೆರಾನ್ ಅಂತಾರ. ಅದು ತಾಕಿದ್ದ ತಡ ಸುತ್ತಲಿನ ಚರ್ಮ ತಾನೂ ಕೂಗಾಕ ಹತ್ತತೈತಿ, ಇಲ್ಲೇ ಬರ್ರಿ, ಇಲ್ಲೇ ಬರ್ರಿ ಅಂತ. ಇನ್ನಷ್ಟು ಬರತಾವ. ಮನಿ ಕಾಯೋವು ಮನಿಯವರನ್ನ ಕೊಲ್ಲತಾವ. ಬಣ್ಣ ಹೋಗತೈತಿ."

"ಕೊಂದ ಮ್ಯಾಲರ ಹೋಗತಾವೇನ್ರೀ?"

"ಎಲ್ಲಾ ಹೋಗಂಗಿಲ್ಲ. ಕೆಲವು ಅಲ್ಲೇ ಕೂಡತಾವ, ವರ್ಷಗಟ್ಟಲೆ. ಬಣ್ಣ ತಿರುಗಿ ಬಂದ್ರೂ ಜಾಗ ಮರೆಯಂಗಿಲ್ಲ." ಆಕೆ ಮುಲಾಮಿನ ಹೆಸರು ಬರೆದಳು. "ಇದು ಚರ್ಮದ ಕಿವಿ ಮುಚ್ಚತೈತಿ. ಕೇಳಲಿಲ್ಲಂದ್ರ ಕೂಗಂಗಿಲ್ಲ, ಕೂಗಲಿಲ್ಲಂದ್ರ ಅವು ಬರಂಗಿಲ್ಲ. ತಿಂಗಳುಗಟ್ಟಲೆ ಹಚ್ಚಬೇಕು. ಕೈ ಮ್ಯಾಲಿಂದು ಗುಣ ಆಗೋದು ನಿಧಾನ."

"ಒಂದು ಕೈ ನೋಡಿ ಇನ್ನೊಂದು ಕೈಗೆ ಹೆಂಗ ಬಂತು?"

"ಭಾಳ ಮಂದಿಗೆ ಹಿಂಗ ಜೋಡಿಯಾಗೇ ಬರತೈತಿ. ಯಾಕಂತ ನಮಗೂ ಪೂರಾ ಗೊತ್ತಿಲ್ಲ," ಎಂದು ಡಾಕ್ಟರು ಅವಳ ಕೈಗಳನ್ನು ಮೆಲ್ಲಗೆ ಬಿಟ್ಟಳು.

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಬಳಿ ಮಹಾಂತಮ್ಮ ಕೈಯನ್ನೇ ನೋಡುತ್ತ ಕೂತಿದ್ದಳು. ನುಣ್ಣನೆಯ ಬಿಳಿಯ ಕೆಳಗೆ ಯಾರೋ ಕೂತಿದ್ದಾರೆ. ಕಣ್ಣು ಮುಚ್ಚಿಲ್ಲ, ಜಾಗ ಮರೆತಿಲ್ಲ. ಆ ದಿನ ದೀಪದ ಮುಂದೆ ಇಲ್ಲೇ ಬನ್ನಿ, ಇಲ್ಲೇ ನೋಡಿ ಎಂದು ಮನೆಮಂದಿಯನ್ನು ಮನೆಮಗಳ ಮೇಲೆ ಕರೆದವಳು ತಾನೇ ಅಲ್ಲವೆ? ಮಕ್ತಲ್ ಬಂದಾಗ ಅವಳ ಕಾಲು ತಾವಾಗಿಯೇ ಇಳಿದವು.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಉರುಕುಂದಮ್ಮನನ್ನು ಕೇಳಿದರೆ ಒಬ್ಬಾಕೆ ಗದ್ದದಿಂದಲೇ ಮನೆ ತೋರಿಸಿದಳು. ಬಾಗಿಲು ತೆರೆದೇ ಇತ್ತು. ಇಳಿಬಿಸಿಲು ಒಳಗೆ ಚಾಚಿತ್ತು. ನೆಲದಲ್ಲಿ ಒಂದು ಕುಣಿ, ಅದರ ಮೇಲೆ ಮಗ್ಗವಿಲ್ಲ. ಅದರೊಳಗೆ ಕಾಲು ಇಳಿಬಿಟ್ಟು ಉರುಕುಂದಮ್ಮ ಕೂತಿದ್ದಳು. ಮುಖ, ಕೊರಳು, ತೋಳು, ಬೆರಳು, ಎಲ್ಲವೂ ಬಣ್ಣಕ್ಕೆ ಅದ್ದದ ರೇಷ್ಮೆಯಂತೆ ಬೆಳ್ಳಗೆ. ಎಡಗಣ್ಣಿನ ಕೆಳಗೆ ಮಾತ್ರ ಹಳೆಯ ಮೈಬಣ್ಣದ ಒಂದು ಚುಕ್ಕೆ ಉಳಿದಿತ್ತು.

"ಬಂದೀಯಾ," ಎಂದಳು, ನಿನ್ನೆ ಹೋದವರನ್ನು ಕೇಳುವಂತೆ. "ಇವತ್ತು ಮಂಜು ಭಾಳ ಇತ್ತು. ಕೇಳ್ತೋ ಇಲ್ಲೋ ಅನಕೊಂಡೆ."

ಮಹಾಂತಮ್ಮ ಹೊಸ್ತಿಲಲ್ಲೇ ನಿಂತಳು. "ಏನು ಅಕ್ಕಾ?"

"ಮಗ್ಗಕ್ಕ ಕೂಡೋ ಹೊತ್ತಿಗೆ ನಿನ್ನ ಕೂಗತೀನಲ್ಲ. ಮೊದಲೆಲ್ಲ ನಾನ ನಿನ್ನ ಎಬ್ಬಸ್ತಿದ್ದೆ. ಎದ್ದು ಬರಾಕ ಎಷ್ಟು ಸತಾಯಿಸ್ತಿದ್ದಿ ನೀನು. ಆ ರೂಢಿ ಬಿಡವಲ್ದು."

ನಾರಾಯಣಪೇಟೆಗೂ ಮಕ್ತಲಿಗೂ ಬಸ್ಸಿನಲ್ಲೇ ಒಂದು ತಾಸಿನ ದಾರಿ. ಮಹಾಂತಮ್ಮ ಕುಣಿಯ ಅಂಚಿಗೆ ಬಂದು ಕೂತಳು.

"ಒಂದ ಸಲ ಯಾಕ ಕೂಗತಿ ಅಕ್ಕಾ?"

"ಎರಡನೇ ಸಲ ಕೂಗಿದ್ರ ಬೇಡಿಕೊಂಡಂಗ ಆಗತೈತಿ."

ಮಹಾಂತಮ್ಮ ಓಗೊಡದ ಹನ್ನೆರಡು ವರ್ಷದ ಸಾಲ ಸೇರಿಸಿ "ಓ ಅಕ್ಕಾ" ಎಂದಳು. ಬಳೆ ಸರಿಸಿ ಎರಡೂ ಕೈ ಚಾಚಿದಳು. ಉರುಕುಂದಮ್ಮ ಬಿಳಿ ಹೆಬ್ಬೆರಳಿನಿಂದ ಆ ಮಾವಿನಕಾಯಿಗಳನ್ನು ತಡವಿದಳು.

"ಇಟ್ಟಂಗೀಲೆ ತಿಕ್ಕಬ್ಯಾಡ. ನಾನೂ ಹಂಗ ತಿಕ್ಕಿದ್ದೆ."

"ಸೋಮವಾರ ಬಣ್ಣ ಹಚ್ಚಂಗಿಲ್ಲ ಅಕ್ಕಾ. ಹಿಂಗ ತೋರಸ್ತೀನಿ. ನೀನೂ ನನ್ನ ಜೋಡಿ ಬಾ, ಅವ್ವನ ಸೀರಿ ನೀನ ನೇಯಿ."

"ಹುಚ್ಚಿ. ಮಚ್ಚಿಯ ಕೈ ಮುಟ್ಟಬಾರದಲ್ಲ."

"ಮಚ್ಚಿ ಎಲ್ಲೈತಿ ನಿನ್ನ ಕೈಯಾಗ? ಇಡೀ ಒಂದ ಬಣ್ಣ. ಭಾವಾರು ಬೇಕಾದ್ರ ಕಂದೀಲು ಹಿಡಿದು ಹುಡುಕಲಿ."

ಉರುಕುಂದಮ್ಮ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡಳು. ಕಣ್ಣಿನ ಕೆಳಗಿನ ಚುಕ್ಕೆ ಒದ್ದೆಯಾಯಿತು. ಮಹಾಂತಮ್ಮ ಸೊಂಟದ ಗಂಟು ಬಿಚ್ಚಿ, ಬಟ್ಟೆ ಸರಿಸಿ, ಹಿತ್ತಾಳೆ ಮೂತಿಯ ಲಾಳಿಯನ್ನು ಎರಡೂ ಕೈಯಿಂದ ಎತ್ತಿ ಆ ಬಿಳಿ ಅಂಗೈಗಳ ಮೇಲೆ ಇಟ್ಟಳು.